ಎಡಗೈಯಲ್ಲಿ ಲೇಖನಿ

ಫೆಬ್ರವರಿ ೩

ಇವತ್ತು ಏಕಾಂತವನ್ನು ನೋಡಿಕೊಂಡು ಬಂದೆ. ಒಳ್ಳೆ ಜನ ಸೇರಿತ್ತು.

ಊರಿಗೆಲ್ಲ ಹೆಸರಾದ ತತ್ವಜ್ಞಾನಿ. ಎಲ್ಲ ಬಿಟ್ಟು ಒಂದೇ ಕೋಣೆಯಲ್ಲಿ ಒಬ್ಬನೇ ಕೂತು ಯೋಚಿಸುತ್ತಾನೆಂದು ಖ್ಯಾತಿ. ಅವನ ಹೊಸ ಪುಸ್ತಕದ ಮೊದಲ ಪುಟಕ್ಕೆ ಅವನ ಚಿತ್ರ ಬೇಕಂತೆ. ತಾಮ್ರದ ತಗಡಿನ ಮೇಲೆ ಮುಖ ಕೊರೆಯುವವನು ಈ ಊರಲ್ಲಿ ನಾನೊಬ್ಬನೇ ಆದ್ದರಿಂದ ಅಚ್ಚುಕೂಟದ ಯಜಮಾನ ನನ್ನನ್ನು ಎಳೆದುಕೊಂಡು ಹೋದ. ಆ ಏಕಾಂತದ ಕೋಣೆಯಲ್ಲಿ ಮೂವರು ಶಿಷ್ಯರು ಗೋಡೆಗೆ ಒರಗಿ ನಿಂತಿದ್ದರು, ಬಾಗಿಲಲ್ಲಿ ಅಡುಗೆಯವಳು, ಕಿಟಕಿಯಾಚೆ ಇಣುಕುವ ಪರವೂರಿನವರು. ಜೊತೆಗೆ ಒಬ್ಬ ದರ್ಜಿ. ಅವನಿಗೇನು ಕೆಲಸ ಅಂದರೆ, ಚಿತ್ರದಲ್ಲಿ ತತ್ವಜ್ಞಾನಿಯ ನಿಲುವಂಗಿ ಮೊಣಕೈ ಹತ್ತಿರ ಹರಿದಿರಬೇಕು. ನಿಲುವಂಗಿ ಹೊಸದು. ದರ್ಜಿ ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ನಾಜೂಕಾಗಿ ಹರಿದುಕೊಟ್ಟ. ಮೇಜಿನ ಮೇಲೆ ಒಂದು ತಲೆಬುರುಡೆ. ಅದನ್ನು ಹಲ್ಲು ಕೀಳುವವನ ಅಂಗಡಿಯಿಂದ ಎರವಲು ತಂದದ್ದು, ಸಂಜೆಯೊಳಗೆ ವಾಪಸ್ ಕೊಡಬೇಕು ಎಂದು ಶಿಷ್ಯನೊಬ್ಬ ಪಿಸುಗುಡುತ್ತಿದ್ದ.

ಏನು ಕೇಳಿದರೂ ಉತ್ತರ ಕೊಡುವ ಮುಂಚೆ ಮಹಾಶಯ ಕಣ್ಣು ಮುಚ್ಚುತ್ತಾನೆ. “ಸ್ವಲ್ಪ ಕಿಟಕಿ ಕಡೆ ತಿರುಗ್ತೀರಾ?” ಅಂದೆ. ಕಣ್ಣು ಮುಚ್ಚಿದ. ಶಿಷ್ಯರು ಉಸಿರು ಬಿಗಿಹಿಡಿದರು. “ತಿರುಗಬಹುದು” ಅಂದ. ಒಬ್ಬ ಅದನ್ನು ಬರೆದುಕೊಂಡ.

ಪುಸ್ತಕದ ಸಾರವೂ ಕಿವಿಗೆ ಬಿತ್ತು. ಮನಸ್ಸು ದೊರೆಯಂತೆ, ದೇಹ ಆಳಂತೆ. ದೊರೆ ಅಪ್ಪಣೆ ಕೊಟ್ಟರೆ ಆಳು ಮಾಡುತ್ತಾನೆ, ಮಾಡದೆ ಹೋದರೆ ಅದು ದೊರೆಯ ಸೋಮಾರಿತನ. ನಲವತ್ತು ವರ್ಷ ಬಗ್ಗಿ ಕೂತು ಕೊರೆದ ನನ್ನ ಸೊಂಟಕ್ಕೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಅವನಿಗೆ ಏಕಾಂತಪ್ಪ ಎಂದು ಹೆಸರಿಟ್ಟೆ. ಮನೆಗೆ ಬಂದು ಮಗಳ ಮುಂದೆ ಎಲ್ಲವನ್ನೂ ನಟಿಸಿ ತೋರಿಸಿದೆ, ತಲೆಬುರುಡೆಯ ಬದಲು ಕುಂಬಳಕಾಯಿ ಇಟ್ಟುಕೊಂಡು. ಬಿದ್ದು ಬಿದ್ದು ನಕ್ಕಳು. ಅವಳಮ್ಮ ಹೋದ ಮೇಲೆ ನನ್ನ ತಮಾಷೆಗೆಲ್ಲ ಅವಳೇ ಒರೆಗಲ್ಲು. ಅವಳು ನಗದಿದ್ದರೆ ನಾನು ಅದನ್ನು ಇನ್ನೊಬ್ಬರ ಮುಂದೆ ಹೇಳುವುದೇ ಇಲ್ಲ.

ಫೆಬ್ರವರಿ ೯

ಮಾನ ಹೋಗುವಂಥ ತಪ್ಪು ಮಾಡಿದೆ. ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ನಾವು ಎದುರು ಕೂತವರನ್ನು ನೇರವಾಗಿ ನೋಡಿ ಕೊರೆಯುವುದಿಲ್ಲ, ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಅದರಲ್ಲಿ ಕಂಡದ್ದನ್ನು ಕೊರೆಯುತ್ತೇವೆ. ಏಕಾಂತಪ್ಪನ ವೈಯಾರ ನೋಡುತ್ತ ನಗು ತಡೆದುಕೊಳ್ಳುವುದರಲ್ಲೇ ನನಗೆ ಕನ್ನಡಿಯ ನೆನಪು ಹಾರಿಹೋಗಿತ್ತು. ಮೊದಲ ಅಚ್ಚು ತೆಗೆದರೆ ಅವನ ಗರಿ ಲೇಖನಿ ಎಡಗೈಯಲ್ಲಿ!

ಚಿತ್ರದ ಕೆಳಗೆ ಅಕ್ಷರ ಕೊರೆದವಳು ಮಗಳು. ಅವಳು ಎಡಚಿ. ಚಿಕ್ಕವಳಿದ್ದಾಗ ಆ ಕೈಗೆ ಬಟ್ಟೆ ಕಟ್ಟಿ, ಬೈದು, ಎಲ್ಲ ಮಾಡಿದೆ, ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು, ತಿರುಗುಮುರುಗು ಅಕ್ಷರ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಚ್ಚು ನೋಡಿ, “ಅಪ್ಪ, ಇವರೂ ನನ್ನ ಜಾತಿಗೆ ಸೇರಿದ್ರಾ?” ಅಂದಳು.

ಬೈಸಿಕೊಳ್ಳಲು ಸಿದ್ಧನಾಗಿ ಅಚ್ಚನ್ನು ಅವನ ಮುಂದಿಟ್ಟೆ. ತುಂಬ ಹೊತ್ತು ನೋಡಿದ. ಬಲಗೈಯನ್ನು ಮೆಲ್ಲಗೆ ನಿಲುವಂಗಿಯೊಳಗೆ ತುರುಕಿಕೊಂಡ, ಅದೂ ಒಂದು ಠೀವಿ. “ಇರಲಿ. ಇದೇ ಇರಲಿ” ಅಂದ. ಶಿಷ್ಯರು ತಬ್ಬಿಬ್ಬಾದರು. ಆಗ ಕಣ್ಣು ಮುಚ್ಚಿ ಅಪ್ಪಣೆ ಕೊಡಿಸಿದ: “ಬಲಗೈ ರೂಢಿಯ ಕೈ. ರೂಢಿ ಬಿಟ್ಟಲ್ಲಿಂದ ಯೋಚನೆ ಶುರುವಾಗುತ್ತದೆ.”

ನನ್ನ ಮರೆವು ಅವನ ಸಿದ್ಧಾಂತವಾಯಿತು. ನಾನು ಹೊರಡುವಷ್ಟರಲ್ಲಿ ಒಬ್ಬ ಶಿಷ್ಯ ಲೇಖನಿಯನ್ನು ಎಡಗೈಗೆ ಬದಲಾಯಿಸಿಕೊಂಡು ಹೆಣಗುತ್ತಿದ್ದ.

ಫೆಬ್ರವರಿ ೨೪

ಪುಸ್ತಕ ಹೊರಬಂತು. ಪುಸ್ತಕ ಓದಿದವರು ಎಷ್ಟೋ ಗೊತ್ತಿಲ್ಲ, ಚಿತ್ರ ಎಲ್ಲರೂ ನೋಡಿದ್ದಾರೆ. ಚೌಕದಲ್ಲಿ ಓಡಾಡುವ ಓದಿದ ಹುಡುಗರ ಎಡಗೈ ತೋಳೆಲ್ಲ ಮಸಿ. ವಕೀಲನ ಅಳಿಯ ಎಡಗೈಯಲ್ಲಿ ರುಜು ಹಾಕಿದ್ದಕ್ಕೆ ನ್ಯಾಯಾಲಯದಲ್ಲಿ ಅದು ಅವನದೇ ರುಜುವೆಂದು ಒಪ್ಪಲಿಲ್ಲವಂತೆ. ಈ ಕತ್ತೆಗಳ ಜೊತೆ ಒಂದೇ ಗಾಳಿ ಉಸಿರಾಡಬೇಕಲ್ಲ.

ಅಚ್ಚುಕೂಟದ ಯಜಮಾನ ಮಧ್ಯಾಹ್ನ ಬಂದು ಕದ ಹಾಕಿಕೊಂಡ. “ಒಂದು ಅಣಕುಚಿತ್ರ ಮಾಡಿಕೊಡಿ ಸ್ವಾಮಿ, ಅವರದ್ದೇ.”

“ಅವರ ಪುಸ್ತಕ ಅಚ್ಚು ಹಾಕಿದ್ದು ನೀವೇ ಅಲ್ವಾ?”

“ಅದಕ್ಕೇ ಹೇಳಿದ್ದು. ಹೊಗಳೋರು ಓದಿ ಮನೆಗೆ ಹೋಗಿ ಮಲಗ್ತಾರೆ. ಜಗಳ ಹತ್ತಿದ್ರೆ ಊರೇ ಎದ್ದು ಕೂರುತ್ತೆ.”

ಅವನಿಗೆ ನಾಚಿಕೆಯಿಲ್ಲ, ನನಗೆ ತಡವಿಲ್ಲ. ಮೂರು ವಾರದಿಂದ ತಲೆಯಲ್ಲಿ ತುಂಬಿಕೊಂಡಿದ್ದದ್ದು ಸಂಜೆಯೊಳಗೆ ತಗಡಿಗೆ ಇಳಿಯಿತು. ಕಿಕ್ಕಿರಿದ ಕೋಣೆ, ನಡುವೆ ಏಕಾಂತಪ್ಪ, ಅಳತೆ ಪಟ್ಟಿ ಹಿಡಿದು ಅವನ ಬಡತನ ಹೊಲಿಯುವ ದರ್ಜಿ, ಬುರುಡೆಯನ್ನು ಬಗಲಲ್ಲಿಟ್ಟುಕೊಂಡು ಓಡುತ್ತಿರುವ ಶಿಷ್ಯ. ಹಿಂದೆ ಒಂದು ಪರದೆ, ಅದರ ಸಂದಿಯಲ್ಲಿ ಭಕ್ಷ್ಯಗಳ ರಾಶಿ. ಅವನು ಯಾರ ಕಣ್ಣಿಗೂ ಬೀಳದೆ ಪರದೆಯ ಹಿಂದೆ ಉಣ್ಣುತ್ತಾನೆಂದು ಕೇಳಿದ್ದೆ. ರುಜುವಿನ ಬದಲು ಮೂಲೆಯಲ್ಲಿ ಸಣ್ಣದೊಂದು ಮುಳ್ಳು ಕೊರೆದೆ. ಮಗಳು ಅಕ್ಷರ ಕೊರೆಯುತ್ತ ನಗು ತಡೆಯಲಾರದೆ ಎರಡು ಸಲ ಉಳಿ ಕೆಳಗಿಟ್ಟಳು.

ಮಾರ್ಚ್ ೭

ಊರು ನಕ್ಕಿತು. ಮುಳ್ಳು ಯಾರೆಂದು ನಾನು ಹೇಳಲಿಲ್ಲ, ಆದರೆ ಕೇಳಿದವರ ಮುಂದೆ ಇಲ್ಲ ಎನ್ನಲೂ ಇಲ್ಲ.

ಆದರೆ ಅವನು ಮಾಡಿದ್ದು ನೋಡಿ! ಆ ಚಿತ್ರವನ್ನು ತಾನೇ ತರಿಸಿ ತನ್ನ ಬಾಗಿಲಿಗೆ ಅಂಟಿಸಿದ್ದಾನೆ. ಜ್ಞಾನಿಯನ್ನು ಕಂಡು ಜಗತ್ತು ನಗುವುದು ಹೊಸದಲ್ಲವಂತೆ, ನಗದೇ ಹೋಗಿದ್ದರೆ ಅನುಮಾನ ಪಡಬೇಕಿತ್ತಂತೆ. ಅವನ ಬಾಗಿಲಿಗೆ ಬರುವ ಜನ ಇಮ್ಮಡಿಯಾಗಿದ್ದಾರೆ. ಉಗಿದದ್ದನ್ನು ಗಂಧದ ಹಾಗೆ ಹಚ್ಚಿಕೊಳ್ಳುವವನನ್ನು ಏನು ಮಾಡಬೇಕು?

ಎರಡನೇ ಮುದ್ರಣಕ್ಕೆ ತಿದ್ದಿದ ಪುಟಗಳನ್ನು ಅವನ ಮನೆಗೂ ಅಚ್ಚುಕೂಟಕ್ಕೂ ಒಯ್ಯುವ ಕೆಲಸವನ್ನು ಯಜಮಾನ ನನ್ನ ಮಗಳಿಗೆ ಹಚ್ಚಿದ್ದಾನೆ. ಇವತ್ತು ಬಂದವಳು, “ಲೇಖನಿ ಹ್ಯಾಗೆ ಹಿಡೀತೀಯಾ ತೋರ್ಸು ಅಂದ್ರು ಅಪ್ಪ. ಕಾಗದ ಹ್ಯಾಗೆ ಇಟ್ಕೋಬೇಕು ಅಂತಾನೂ ಕೇಳಿದ್ರು” ಅಂದಳು.

“ಚಿತ್ರಕ್ಕೆ ತಕ್ಕ ಹಾಗೆ ಕೈ ಬದಲಾಯಿಸ್ತಿದ್ದಾನೆ! ನಾನು ಬಾಲ ಕೊರೆದಿದ್ರೆ ಅದನ್ನೂ ಬೆಳೆಸ್ಕೊಳ್ತಿದ್ದ” ಅಂದು ನಾನು ನಕ್ಕೆ. ಅವಳು ನಗಲಿಲ್ಲ. ನೆಗಡಿಯಿರಬೇಕು.

ಮಾರ್ಚ್ ೧೬

ಎರಡನೇ ಅಣಕುಚಿತ್ರವೂ ಹೊರಬಿತ್ತು. ಈಗ ನನ್ನ ಕೆಲಸದ ಕೋಣೆಗೂ ಜನ ಬರುತ್ತಾರೆ. ಬಾಗಿಲಲ್ಲಿ ನಿಂತು, “ಇವರೇನಾ ಮುಳ್ಳು?” ಎಂದು ಕೇಳುತ್ತಾರೆ. ನಾನು ತಲೆ ಎತ್ತುವುದಿಲ್ಲ, ಎತ್ತಿದರೆ ಅವರಿಗೂ ಬೇಸರವಾಗುತ್ತದೆ.

ಮಗಳು ನನ್ನ ಕೆಲಸದ ಅಂಗಿಯನ್ನು ಒಗೆಯಲು ಒಯ್ಯುತ್ತಿದ್ದಳು. ಬೇಡ, ಇರಲಿ ಅಂದೆ. ಬರುವವರು ಮಸಿ ಬಳಿದ ಅಂಗಿಯನ್ನೇ ನೋಡಲು ಬರುತ್ತಾರೆ, ಬೆಳ್ಳಗೆ ಮಾಡಿಕೊಂಡು ಕೂತರೆ ಬಟ್ಟೆ ಅಂಗಡಿಯವನೆಂದುಕೊಂಡಾರು. ಇನ್ನೊಂದು ಕಂಡುಕೊಂಡೆ. ಯಾರಾದರೂ ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಕೊಡಬಾರದು, ಸ್ವಲ್ಪ ತಡೆಯಬೇಕು. ಮಾತಿಗೆ ತೂಕ ಬರುತ್ತದೆ.

ಮಾರ್ಚ್ ೨೮

ಅವನು ಬೀಳುತ್ತಿಲ್ಲ. ಎಷ್ಟು ಚುಚ್ಚಿದರೂ ಊದಿಕೊಳ್ಳುತ್ತಲೇ ಇದ್ದಾನೆ. ಇವತ್ತು ಊಟಕ್ಕೆ ಕೂತಾಗ ನನಗೆ ತಲೆ ಕೆಟ್ಟಿತ್ತು. ಅದೇ ಪರದೆ, ಅದೇ ಭಕ್ಷ್ಯ, ಕದ್ದು ತಿನ್ನುವ ಬಕಾಸುರ ಎಂದು ಏನೇನೋ ಬೈದೆ. ಮಗಳು ತುತ್ತು ಕೆಳಗಿಟ್ಟಳು.

“ಭಕ್ಷ್ಯ ಏನೂ ಇಲ್ಲ ಅಲ್ಲಿ. ಗಂಜಿ. ಬಲಗೈ ನಡುಗುತ್ತೆ ಅವರಿಗೆ. ಚಮಚ ಬಾಯಿಗೆ ಹೋಗೋ ಹೊತ್ತಿಗೆ ಅರ್ಧ ಗಡ್ಡದ ಮೇಲಿರುತ್ತೆ. ಒಂದು ವರ್ಷದಿಂದ ಹೀಗಂತೆ. ಅದಕ್ಕೇ ಪರದೆ. ಅದಕ್ಕೇ ನಿನ್ನ ಚಿತ್ರದಲ್ಲಿ ಎಡಗೈ ನೋಡಿದಾಗ ಅವರಿಗೆ ಹೋದ ಜೀವ ಬಂದ ಹಾಗಾಯ್ತಂತೆ. ನಾನು ಎಡಗೈಯಲ್ಲಿ ಬರೆಯೋದು ಕಲಿಸ್ತಾ ಇದ್ದೀನಿ.”

ಇಷ್ಟು ಹೇಳಿ ನನಗೆ ಇನ್ನಷ್ಟು ಸಾರು ಬಡಿಸಿದಳು.

“ಅಪ್ಪ, ಇದು ನಿನ್ನಲ್ಲೇ ಇರ್ಲಿ. ನಿನ್ನನ್ನ ನಂಬಿ ಹೇಳಿದೀನಿ.”

ಹೂಂ ಅಂದೆ.

ಮನಸ್ಸು ದೊರೆ, ದೇಹ ಆಳು! ಆಳು ದೊರೆಯ ಗಡ್ಡಕ್ಕೇ ಗಂಜಿ ಎರಚುತ್ತಿದ್ದಾನೆ! ಇಂಥದ್ದು ಮನೆ ಬಾಗಿಲಿಗೆ ಬಂದು ನಿಲ್ಲುವುದು ಜೀವಮಾನದಲ್ಲಿ ಒಮ್ಮೆ.

ಮಾರ್ಚ್ ೨೯

ಬೆಳಗಿನಿಂದ ಕೊರೆಯುತ್ತಿದ್ದೇನೆ. ಮಗಳು ಅವನ ಮನೆಗೆ ಹೋಗಿದ್ದಾಳೆ, ಅಕ್ಷರವನ್ನೂ ನಾನೇ ಕೊರೆದೆ. ಹೂಂ ಅಂದದ್ದು ಕೇಳಿಸಿತು ಎಂಬುದಕ್ಕೆ. ಭಾಷೆ ಕೊಟ್ಟದ್ದಲ್ಲ.

ಏಪ್ರಿಲ್ ೪

ಗೆದ್ದೆ.

ಚಿತ್ರಕ್ಕೆ “ದೊರೆಯ ಅಪ್ಪಣೆ” ಎಂದು ಹೆಸರು. ಏಕಾಂತಪ್ಪನ ತಲೆಯ ಮುಚ್ಚಳ ತೆರೆದಿದೆ, ಒಳಗೆ ಸಿಂಹಾಸನದ ಮೇಲೆ ಬೆರಳೆತ್ತಿದ ಪುಟ್ಟ ದೊರೆ. ಕೆಳಗೆ ಬಲಗೈ ಗಡಗಡ ನಡುಗುತ್ತ ಗಂಜಿಯನ್ನು ಹತ್ತು ದಿಕ್ಕಿಗೂ ಚಿಮ್ಮಿಸುತ್ತಿದೆ, ಶಿಷ್ಯರು ಕೊಡೆ ಹಿಡಿದು ಕೂತು ಬರೆದುಕೊಳ್ಳುತ್ತಿದ್ದಾರೆ. ಬೆಳಗ್ಗೆ ಅಚ್ಚಾದದ್ದು ಮಧ್ಯಾಹ್ನಕ್ಕೆ ಒಂದೂ ಉಳಿಯಲಿಲ್ಲ. ಬೀದಿಯಲ್ಲಿ ಮಕ್ಕಳು ಚಮಚ ಹಿಡಿದು ಕೈ ನಡುಗಿಸಿಕೊಂಡು ಓಡುತ್ತಿವೆ. ಶಿಷ್ಯರೆಲ್ಲ ಬಲಗೈಗೆ ಮರಳಿದ್ದಾರೆ, ಅವರಲ್ಲಿ ಇಬ್ಬರು ನನ್ನ ಬಾಗಿಲಿಗೇ ಬಂದಿದ್ದರು. ಅವನ ಮನೆಯ ಮುಂದೆ ಈಗ ನೊಣವೂ ಇಲ್ಲವಂತೆ. ಈಗ ಆಗಲಿ ನಿಜವಾದ ಏಕಾಂತ.

ಮಗಳು ಸಂಜೆ ಬಂದಳು. ಬಾಗಿಲಲ್ಲೇ ನಿಂತಳು, ಕೈಯಲ್ಲಿ ಆ ಚಿತ್ರ. ಅವಳಿಗೆ ತೋರಿಸಿ ನಗಿಸಬೇಕೆಂದು ಒಂದನ್ನು ನಾನೂ ಎತ್ತಿಟ್ಟಿದ್ದೆ.

“ಅವರೇ ಹೇಳೋರಿದ್ರು ಅಪ್ಪ” ಅಂದಳು. ಧ್ವನಿ ಏರಿಸಲಿಲ್ಲ. “ಹೊಸ ಅಧ್ಯಾಯ ಬರೀತಿದ್ರು, ಎಡಗೈಯಲ್ಲಿ, ದಿನಕ್ಕೆ ನಾಕು ಸಾಲು. ‘ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಆದ್ದರಿಂದ ನಾನು ಮೊದಲು ಬರೆದದ್ದು ತಪ್ಪು’ ಅಂತ ಶುರು ಆಗುತ್ತೆ ಅದು. ಅದನ್ನ ಒಪ್ಕೊಳ್ಳೋಕೆ ಎಷ್ಟು ಧೈರ್ಯ ಬೇಕಾಯ್ತು ಅಂತ ನಾನು ಕಣ್ಣಾರೆ ನೋಡಿದೀನಿ. ಈಗ ಅದನ್ನ ಅಚ್ಚು ಹಾಕಿದ್ರೆ ಏನಂತಾರೆ ಜನ? ನಗೋರಿಗೆ ಹೆದರಿ ಬರೆದ ಅಂತಾರೆ. ನೀನು ಅವರ ಸುಳ್ಳನ್ನ ಕಿತ್ಕೊಂಡಿದ್ರೆ ಬೇರೆ ಮಾತು. ಅವರ ಹತ್ರ ಇದ್ದ ಒಂದು ನಿಜಾನ ಕಿತ್ಕೊಂಡೆ.”

ತಕ್ಕ ಉತ್ತರ ನನ್ನಲ್ಲಿತ್ತು. ಹೇಳುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿದೆ, ಹಾಗೆ ಮಾಡಿದರೆ ಎದುರಿನವರು ತಣ್ಣಗಾಗುತ್ತಾರೆ. ತೆರೆದಾಗ ಅವಳು ಅಲ್ಲಿರಲಿಲ್ಲ.

ಏಪ್ರಿಲ್ ೧೧

ಮಗಳು ನನ್ನ ಅಕ್ಕನ ಮನೆಯಲ್ಲಿದ್ದಾಳೆ. ಅಲ್ಲಿಂದ ದಿನಾ ಅವನ ಮನೆಗೆ ಹೋಗಿ ಬರೆಸುತ್ತಾಳಂತೆ. ಹೋಗಲಿ, ನಾಲ್ಕು ದಿನ ಗಂಜಿ ಒರೆಸಿದರೆ ಬುದ್ಧಿ ಬರುತ್ತದೆ.

ಇವತ್ತು ತನ್ನ ಉಳಿಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದಳು. ಹೊರಡುವಾಗ, “ಊಟ ಮಾಡಿದ್ರಾ ನೀವು?” ಅಂದಳು. ನೀವು! ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವಳು. ಊರೆಲ್ಲ ಗೌರವ ಕೊಡುವುದನ್ನು ನೋಡಿ ಅವಳಿಗೂ ಮರ್ಯಾದೆ ಬಂದಿದೆ.

ಆಯ್ತು ಅಂದೆ. ಆಗಿರಲಿಲ್ಲ.

ಏಪ್ರಿಲ್ ೨೩

ಎಲ್ಲಿ ನೋಡಿದರೂ ಮೂರ್ಖರು. ಮಾತು ಮುಗಿಯುವ ಮುಂಚೆಯೇ ನಗುತ್ತಾರೆ. ಇವತ್ತು ಒಬ್ಬನಿಗೆ, “ಬಾಗಿಲು ಹಾಕ್ಕೊಂಡು ಬನ್ನಿ, ಗಾಳಿ” ಅಂದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಸ ತಮಾಷೆಯೊಂದು ಹೊಳೆದಿತ್ತು, ಅದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಕೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ.

ಈಗ ಹಿಂದಿನ ಕೋಣೆಯಲ್ಲಿ ಊಟ ಮಾಡುತ್ತೇನೆ. ಬಂದವರ ಎದುರು ಕೂತು ಚಪ್ಪರಿಸುವ ಮುಳ್ಳನ್ನು ಯಾರು ನೋಡಲು ಬಯಸುತ್ತಾರೆ?

ನನ್ನ ಚಿತ್ರಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಾನಂತೆ ಯಜಮಾನ. “ಮೊದಲ ಪುಟಕ್ಕೆ ನಿಮ್ಮದೇ ಚಿತ್ರ ಇರ್ಲಿ ಸ್ವಾಮಿ, ನೀವೇ ಕೊರೆದಿದ್ದು. ಮುಖ ಸ್ವಲ್ಪ ಸಿಡುಕಾಗಿರ್ಲಿ, ಜನ ಅದನ್ನೇ ಇಷ್ಟಪಡ್ತಾರೆ” ಅಂದ. ನನಗೆ ನನ್ನ ಮುಖ ಹೇಗಿದೆಯೋ ಹಾಗೆ ಕೊರೆಯಲು ಗೊತ್ತು ಅಂದೆ. ಹಳೆಯ ಕೆಲಸದ ಅಂಗಿ ಪೂರಾ ಹರಿದುಹೋಗಿತ್ತು. ಹೊಸದನ್ನು ಹಾಕಿಕೊಂಡು, ಅಲ್ಲಲ್ಲಿ ಒಂದಿಷ್ಟು ಮಸಿ ಬಳಿದುಕೊಂಡೆ. ಆ ದರ್ಜಿಯ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ನನ್ನ ಕಸುಬಿನ ಮಸಿ.

ಮೇ ೨

ನನ್ನ ಚಿತ್ರದ ಮೊದಲ ಅಚ್ಚು ತೆಗೆದೆ. ಮುಖ ಚೆನ್ನಾಗಿ ಬಂದಿದೆ, ಹುಬ್ಬು ವಿಶೇಷವಾಗಿ. ಕೆಳಗಿನ ಅಕ್ಷರ ಸೊಟ್ಟಗಿವೆ, ಅದು ನನ್ನ ಕೆಲಸವಾಗಿರಲಿಲ್ಲ ಎಂದೂ.

ಉಳಿ ಎಡಗೈಯಲ್ಲಿದೆ.

ಹತ್ತು ಸಲ ನೋಡಿದೆ. ಆದದ್ದು ಇಷ್ಟು. ನನ್ನ ಮುಖ ನನಗೆ ಕಾಣುವುದೇ ಕನ್ನಡಿಯಲ್ಲಿ, ಅದನ್ನು ನೋಡಿ ಕಾಗದದ ಮೇಲೆ ಬರೆದೆ. ಆಮೇಲೆ, ಈ ಸಲ ಮರೆಯಬಾರದೆಂದು, ಆ ಕಾಗದವನ್ನು ಮತ್ತೆ ಕನ್ನಡಿಗೆ ಹಿಡಿದು ತಗಡಿಗೆ ಇಳಿಸಿದೆ. ಒಮ್ಮೆ ತಿರುಗಿದ್ದನ್ನು ಇನ್ನೊಮ್ಮೆ ತಿರುಗಿಸಿದ್ದೆ, ಅಚ್ಚು ಅದನ್ನು ಮತ್ತೊಮ್ಮೆ ತಿರುಗಿಸಿತು. ನಾಳೆ ಬೇರೆ ತಗಡು ತೆಗೆದು ಹೊಸದಾಗಿ ಕೊರೆಯಬೇಕು.

ಮೇ ೩

ಯಜಮಾನ ಬೆಳಗ್ಗೆಯೇ ಬಂದ, ಜೊತೆಗೆ ಐದಾರು ಜನ. ಅವರಲ್ಲಿ ಆ ಹಳೆಯ ಶಿಷ್ಯರಿಬ್ಬರೂ ಇದ್ದರು. ಅಚ್ಚು ಮೇಜಿನ ಮೇಲೇ ಇತ್ತು.

“ಎಡಗೈಯಲ್ಲಿ ಕೊರೀತೀರಾ ನೀವು?” ಅಂದ ಒಬ್ಬ.

ಕಣ್ಣು ಮುಚ್ಚಿದೆ. ಯಾರೂ ಉಸಿರು ಬಿಡಲಿಲ್ಲ.

“ಹೌದು” ಅಂದೆ.

ಯಾರೋ ಅದನ್ನು ಬರೆದುಕೊಂಡ ಸದ್ದು ಕೇಳಿಸಿತು.

ನಾಡಿದ್ದು ಅವರ ಮುಂದೆ ಕೊರೆದು ತೋರಿಸಬೇಕಂತೆ. ಅವರು ಹೋದ ಮೇಲೆ ಎಡಗೈಯಲ್ಲಿ ಉಳಿ ಹಿಡಿದು ನೋಡಿದೆ, ತಗಡಿನ ಮೇಲೆ ಜಾರಿ ಹೆಬ್ಬೆರಳಿಗೆ ಹೊಕ್ಕಿತು. ಮೊದಲು ಲೇಖನಿಯಿಂದ ಶುರುಮಾಡುವುದು ಮೇಲು ಎನಿಸಿ, ಒಂದು ಗಳಿಗೆ ಬಂದು ತೋರಿಸಿಹೋಗು ಎಂದು ಮಗಳಿಗೆ ಅಕ್ಕನ ಕೈಲಿ ಹೇಳಿ ಕಳಿಸಿದೆ. ಮಧ್ಯಾಹ್ನ ಅಕ್ಕ ಒಂದು ಚೀಟಿ ತಂದುಕೊಟ್ಟು ಹೋದಳು.

“ನಿಮ್ಮ ಮಗಳಿಗೆ ಇವತ್ತು ಬಿಡುವಿಲ್ಲ, ಅಧ್ಯಾಯ ಮುಗಿಯುತ್ತಿದೆ. ಕಾಗದವನ್ನು ಬಲಕ್ಕೆ ಓರೆಯಾಗಿ ಇಟ್ಟುಕೊಳ್ಳಿ. ಮೊದಮೊದಲು ಅಕ್ಷರ ದೊಡ್ಡದಾಗಿ ಬರೆಯಿರಿ. ಕೈ ನಡುಗಿದರೆ ನಾಚಿಕೊಳ್ಳಬೇಡಿ.”

ಮಗಳ ಅಕ್ಷರ ನನಗೆ ಗೊತ್ತು, ಇದು ಅವಳದಲ್ಲ. ಸ್ವಲ್ಪ ಎಡಕ್ಕೆ ವಾಲಿದ, ದುಂಡಗಿನ, ಒಂದು ಗೆರೆಯೂ ಅಲುಗದ ಅಕ್ಷರ.

ನನಗೇ ಉಪದೇಶ! ಆ ಗಂಜಿಗಡ್ಡದವನಿಂದ!

ಕಾಗದವನ್ನು ಬಲಕ್ಕೆ ಓರೆಯಾಗಿ ಇಟ್ಟುಕೊಂಡಿದ್ದೇನೆ. ಈ ಸಾಲನ್ನು ಎಡಗೈಯಲ್ಲಿ, ದೊಡ್ಡದಾಗಿ ಬರೆಯುತ್ತಿದ್ದೇನೆ. ನಡುಗುತ್ತಿದೆ.